ಕೋಳಿಮರಿಗಳಿಗೆ ಸಂದ ಪುಸ್ತಕ

ಪುಸ್ತಕ ಬರೆದವನ ಮನೆಯಲ್ಲಿ ಎರಡು ಸಂಗತಿ ಎಂದೂ ಮುಗಿಯುವುದಿಲ್ಲ. ಒಂದು ಅವನ ಮಾತು, ಇನ್ನೊಂದು ಆ ಪುಸ್ತಕದ ಪ್ರತಿ. ಮಾತನ್ನು ಹೆಂಡತಿ ಹೇಗೋ ನಿಲ್ಲಿಸಬಲ್ಲಳು. ಪ್ರತಿಗಳನ್ನು ಏನು ಮಾಡುವುದೆಂದು ಅವಳಿಗೂ ತಿಳಿಯದು. ಗುತ್ತಿಗಾರಿನ ನಮ್ಮ ಮನೆಯಲ್ಲಿ ಅವು ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟು ಬಿಚ್ಚದೆ ಕೂತಿದ್ದವು. ಬಹಳ ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಟ್ಟ ನಾನು, ನಿವೃತ್ತಿಯ ಹುಮ್ಮಸ್ಸಿನಲ್ಲಿ ಬರೆದ ಪುಸ್ತಕ ಅದು. ಬಿಸಿಲಿನ ಶಕ್ತಿ ಹುಲ್ಲಿಗೆ, ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ ಹೇಗೆ ದಾಟುತ್ತದೆ ಎಂಬುದೇ ಅದರ ಸಾರ. ನೆಟ್ಟಣದಲ್ಲಿ ರೈಲು ಕಾಯುತ್ತಿದ್ದ ಪರಿಚಿತರೊಬ್ಬರಿಗೆ ಒಂದು ಪ್ರತಿ ಕೊಟ್ಟಿದ್ದೆ. ಅವರು ಅದನ್ನು ಬೆಂಚಿನ ಮೇಲೆ ಹಾಸಿ ಕೂತರು. ಬೆಂಚು ಒದ್ದೆಯಾಗಿತ್ತು, ಅವರನ್ನು ದೂರಿ ಫಲವಿಲ್ಲ.

ಈ ಸಲ ನಮ್ಮ ಕೆಂಪು ಹೇಂಟೆ ಕೋಳಿ ಮರಿ ಮಾಡಿದ ವಾರದಲ್ಲೇ ಅದನ್ನು ಮುಂಗುಸಿ ಹಿಡಿಯಿತು. ನನ್ನ ಪುಸ್ತಕದ ಪ್ರಕಾರ ಇದೂ ಶಕ್ತಿ ದಾಟುವ ಕ್ರಮವೇ. ಹಾಗೆಂದು ಹೆಂಡತಿಗೆ ಹೇಳಲು ಹೋದವನು ಅವಳ ಮುಖ ನೋಡಿ ಬಾಯಿ ಮುಚ್ಚಿದೆ. ಅವಳು ಅಳುತ್ತಿದ್ದಳು. ತಬ್ಬಲಿ ಮರಿಗಳನ್ನು ಬುಟ್ಟಿಯಲ್ಲಿಟ್ಟು, ಬಲ್ಬಿನ ಬಿಸಿ ಕೊಟ್ಟು, ನುಚ್ಚಕ್ಕಿ ಹಾಕಿದಳು. ಅವು ಕೊಕ್ಕು ತಾಗಿಸಲೂ ಇಲ್ಲ, ತಲೆ ಇಳಿಬಿಟ್ಟು ತೂಕಡಿಸಿದವು. ಒಂದು ಮರಿಯಂತೂ ಬೆಳಿಗ್ಗೆ ಏಳಲೇ ಇಲ್ಲ.

ಅದೇ ಬೆಳಿಗ್ಗೆ ಸೌದೆ ತರಲು ಹೋದ ನಾನು ಪುಸ್ತಕದ ಕಟ್ಟೊಂದನ್ನು ಸರಿಸಿದರೆ ಕೈಗೆ ಬಂದದ್ದು ರಟ್ಟು ಮಾತ್ರ. ಒಳಗೆಲ್ಲ ಗೆದ್ದಲು, ನಮ್ಮ ಕಡೆಯ ಒರಲೆ! ಸತ್ತದ್ದನ್ನು ತಿಂದು ಬದುಕುವವರಿಗೆ ನಾನು ಪುಸ್ತಕದಲ್ಲಿ ಅರ್ಧ ಪುಟ ಕೊಟ್ಟಿದ್ದೆ. ಅವರು ಉಳಿದ ಪುಟಗಳನ್ನೂ ತಾವೇ ತೆಗೆದುಕೊಂಡಿದ್ದರು. ಮೈಯೆಲ್ಲ ಉರಿದುಹೋಯಿತು. ಒರಲೆ ಮದ್ದಿನ ಡಬ್ಬಿ ಹಿಡಿದು ಬಂದವನನ್ನು ಹೆಂಡತಿ ಅಡ್ಡಗಟ್ಟಿದಳು.

“ಮದ್ದು ಹಾಕ್ಬೇಡಿ ಮಾರಾಯ್ರೆ! ಮರಿಗಳಿಗೆ ಒರಲೆಗಿಂತ ಒಳ್ಳೆದು ಎಂತ ಉಂಟು?”

“ಅದು ನನ್ನ ಪುಸ್ತಕ!” ಎಂದೆ.

“ಗೊತ್ತುಂಟು. ಇನ್ನು ಎಷ್ಟು ಕಟ್ಟು ಉಂಟು?”

ನನ್ನ ಪುಸ್ತಕದ ಬಗ್ಗೆ ಅವಳು ಅಷ್ಟು ಆಸೆಯಿಂದ ಕೇಳಿದ್ದು ಅದೇ ಮೊದಲು. ಕೋಪ ಎಲ್ಲಿ ಹೋಯಿತೋ, ನಾನೇ ಕಟ್ಟನ್ನು ಅಂಗಳಕ್ಕೆ ಹೊತ್ತು ತಂದು ಮರಿಗಳ ಮುಂದೆ ಕೊಡವಿದೆ. ಮೊದಲು ಸುಮ್ಮನೆ ನೋಡಿದವು. ಒಂದು ಮರಿ ಮುನ್ನುಡಿ ಇದ್ದ ಜಾಗದಲ್ಲಿ ಕುಕ್ಕಿತು. ಆಮೇಲೆ ನೋಡಬೇಕಿತ್ತು! ಒಂದು ಕಚ್ಚಿಕೊಂಡು ಓಡುವುದು, ಉಳಿದವು ಅದರ ಬೆನ್ನಟ್ಟುವುದು.

ತಿಂದದ್ದರಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮೈಗೆ ಸೇರುತ್ತದೆ, ಉಳಿದದ್ದು ಹೆಚ್ಚಾಗಿ ಓಡಾಟಕ್ಕೂ ಬಿಸಿಗೂ ಕರಗುತ್ತದೆ ಎಂದು ತರಗತಿಯಲ್ಲಿ ಹೇಳುವಾಗ ನನಗದು ನಷ್ಟದ ಮಾತಾಗಿಯೇ ಕೇಳುತ್ತಿತ್ತು. ಅಂದು ಹೊಟ್ಟೆ ತುಂಬಿದ ಮರಿಯೊಂದನ್ನು ಅಂಗೈಯಲ್ಲಿ ಹಿಡಿದೆ. ಬೆಚ್ಚಗಿತ್ತು. ಯಾವುದೋ ಬಿದಿರ ಮೆಳೆಯ ಮೇಲೆ ಬಿದ್ದ ಬಿಸಿಲು ಕಾಗದವಾಗಿ, ಒರಲೆಯಾಗಿ, ಈಗ ನನ್ನ ಕೈಯನ್ನು ಬಿಸಿ ಮಾಡುತ್ತಿತ್ತು. ಇದು ನಷ್ಟವೆಂದು ಯಾವ ಬಾಯಲ್ಲಿ ಹೇಳಲಿ? ಒರಲೆಗೆ, ಮರಿಗೆ, ನನ್ನನ್ನು ತಡೆದ ಹೆಂಡತಿಗೆ, ಎಲ್ಲರಿಗೂ ಕೈಮುಗಿಯಬೇಕೆನಿಸಿತು. ಕೈಯಲ್ಲಿ ಮರಿ ಇದ್ದುದರಿಂದ ಮುಗಿಯಲಾಗಲಿಲ್ಲ.

ಮರಿಗಳು ಈಗ ರೆಕ್ಕೆ ಬಲಿತು ಅಂಗಳ ಕೆದಕುತ್ತಿವೆ. ಪುಸ್ತಕದ ಕೊನೆಯ ಕಟ್ಟೂ ಮುಗಿದಿದೆ. ಮೊನ್ನೆ ಚಹಾ ತಂದಿಟ್ಟ ಹೆಂಡತಿ ಎಂದೂ ಇಲ್ಲದ ಮೆಲುದನಿಯಲ್ಲಿ, “ನೀವು ಇನ್ನೊಂದು ಪುಸ್ತಕ ಬರೆಯುದಿಲ್ವಾ? ಕಪ್ಪು ಹೇಂಟೆ ಕಾವಿಗೆ ಕೂತಿದೆ” ಎಂದಳು. ಈ ಸಲ ಪುಸ್ತಕ ಸ್ವಲ್ಪ ದಪ್ಪವಾಗಿಯೇ ಇರಲಿ ಎಂದುಕೊಂಡು ಕೂಡಲೇ ಬರೆಯಲು ಕೂತೆ.