ಮದುವೆಗೂ ಮಸಣಕ್ಕೂ ಒಂದೇ ಡ್ರಮ್ಮು

ಬ್ಯಾಂಡ್ ಸೆಟ್ಟಿನಲ್ಲಿ ಇದ್ದವನು ನಗುವ ಪ್ರಸಂಗ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ನಮ್ಮನ್ನು ಹುಡುಕಿಕೊಂಡು ಬರುತ್ತವೆ, ಅದೂ ಮೆರವಣಿಗೆ ಕಟ್ಟಿಕೊಂಡು.

ನಾನು ಕೊಳ್ಳೇಗಾಲದ ಪೇಟೆಯಲ್ಲಿ ಟೈಲರ್. ಮದುವೆಯ ಕಾಲ ಬಂತೆಂದರೆ ಮಿಷನ್ನಿಗೆ ಬಟ್ಟೆ ಮುಚ್ಚಿ ಸೈಡ್ ಡ್ರಮ್ ಕುತ್ತಿಗೆಗೆ ಹಾಕಿಕೊಳ್ಳುತ್ತಿದ್ದೆ. ನಮ್ಮೂರು ಮದರಾಸಿನ ಕೈಬಿಟ್ಟು ಮೈಸೂರಿಗೆ ಸೇರಿ ಆರೇಳು ವರ್ಷವಾಗಿದ್ದ ಕಾಲ ಅದು. ನಮ್ಮದು ಐದು ಜನರ ಸೆಟ್ಟು. ಕ್ಲಾರಿನೆಟ್ ಊದುವವರು ನಮ್ಮ ಮಾಸ್ಟ್ರು. ಒಬ್ಬ ಟ್ರಂಪೆಟ್ಟಿನವನು, ಒಬ್ಬ ದೊಡ್ಡ ಡ್ರಮ್ಮಿನವನು, ಒಬ್ಬ ತಾಳದವನು, ಕೊನೆಗೆ ನಾನು. ಕೆಂಪು ಕೋಟು ಐದೂ ನಾನೇ ಹೊಲಿದದ್ದು. ಬಟ್ಟೆ ಸಾಲದೆ ಟ್ರಂಪೆಟ್ಟಿನವನ ಕೋಟಿನ ಬೆನ್ನು ಮಾತ್ರ ಬೇರೆ ಕೆಂಪು. ಅವನು ಯಾವತ್ತೂ ಜನರ ಕಡೆಗೆ ಬೆನ್ನು ಹಾಕುತ್ತಿರಲಿಲ್ಲ.

ತೆಳ್ಳನೆಯ ಮಣೆ

ನಮ್ಮ ಹಳೆಯ ಸೈಡ್ ಡ್ರಮ್ ಸತ್ತದ್ದು ಧನಗೆರೆಯ ಒಂದು ಮದುವೆಯಲ್ಲಿ. ಧಾರೆ ಮುಗಿದು, ನಮ್ಮನ್ನೂ ಊಟಕ್ಕೆ ಕರೆದರು. ವಾದ್ಯಗಳನ್ನೆಲ್ಲ ಜಗಲಿಯ ಮೇಲೆ ಇಟ್ಟು ಪಂಕ್ತಿಯಲ್ಲಿ ಕೂತೆವು. ಎರಡನೇ ಹೋಳಿಗೆಗೆ ತುಪ್ಪ ಬೀಳುವ ಹೊತ್ತಿಗೆ ಹೊರಗೆ 'ಢಬ್' ಅಂತ ಸದ್ದಾಯಿತು. ನನ್ನ ಡ್ರಮ್ಮಿನ ದನಿ ನನಗೆ ಗೊತ್ತು. ಎಂಜಲು ಕೈಯಲ್ಲೇ ಎದ್ದು ಓಡಿದೆ.

ಹೆಣ್ಣಿನ ಸೋದರಮಾವ ಎಲೆ ಅಡಿಕೆ ಹಾಕಿಕೊಳ್ಳಲು ಜಗಲಿಗೆ ಬಂದಿದ್ದರಂತೆ. ಒಳ್ಳೇ ದೊಡ್ಡ ಆಳು. ಶಲ್ಯ ಮುಚ್ಚಿಟ್ಟಿದ್ದ ಡ್ರಮ್ಮಿನ ಮೇಲೆ ಕೂತುಬಿಟ್ಟಿದ್ದಾರೆ. ನಾನು ಹೋದಾಗ ಸೊಂಟದವರೆಗೆ ಒಳಗೆ ಇಳಿದಿದ್ದರು. ಕಾಲೆರಡೂ ಮೇಲೆ, ಕೈಯಲ್ಲಿ ಸುಣ್ಣದ ಡಬ್ಬಿ. ಇಬ್ಬರು ಕೈ ಹಿಡಿದು ಎಳೆದರೆ ಅವರ ಜೊತೆ ಡ್ರಮ್ಮೂ ಎದ್ದು ನಿಂತಿತು. ಆಮೇಲೆ ಒಬ್ಬರು ಅವರನ್ನು ಹಿಡಿದುಕೊಂಡು, ಒಬ್ಬರು ಡ್ರಮ್ ಹಿಡಿದುಕೊಂಡು ಬೇರೆ ಮಾಡಿದೆವು. ಮರದ ಹೊಟ್ಟೆ ಎರಡು ಸೀಳಾಗಿತ್ತು.

ಹೆಣ್ಣಿನ ಸೋದರಮಾವನಿಗೆ ಬ್ಯಾಂಡಿನವರು ಏನು ಹೇಳಕ್ಕಾಗುತ್ತೆ? ಮಾಸ್ಟ್ರು ಕೈ ಮುಗಿದು, "ನಿಮ್ಗೇನೂ ಏಟಾಗ್ನಿಲ್ವಾ ಯಜಮಾನ್ರೆ?" ಅಂದರು.

ಅವರು ಪಂಚೆ ಕೊಡವಿಕೊಂಡು, "ನಂಗೇನೂ ಆಗ್ನಿಲ್ಲ ಕಣಪ್ಪ. ಆದ್ರೆ ಇಷ್ಟು ತೆಳ್ಳುಗೆ ಮಣೆ ಮಾಡಿದ ಆಚಾರಿ ಯಾವನು? ಅವ್ನಿಗೆ ಕೂಲಿ ಕೊಡ್ಬೇಡಿ" ಅಂದರು.

ವರಾನ್ವೇಷಣೆ

ಹೊಸ ಡ್ರಮ್ ತರದೆ ಗತಿಯಿರಲಿಲ್ಲ. ಮುಂದಿನ ಮದುವೆಗೆ ಹತ್ತು ದಿನ ಉಳಿದಿತ್ತು. ಮಾಸ್ಟ್ರ ಮನೆಯ ಹಜಾರದಲ್ಲಿ ಐದೂ ಜನ ಕೂತೆವು. ಎಲ್ಲರೂ ಹಾಕಿದ್ದು ಸೇರಿ ನೂರಮೂವತ್ತು ರೂಪಾಯಿ. ಅಷ್ಟರಲ್ಲಿ ಎಂಥದ್ದು ತರಬೇಕು?

ಮಾಸ್ಟ್ರು, "ಮೆತ್ತಗೆ ನುಡೀಬೇಕು. ಕ್ಲಾರಿನೆಟ್ ಕೇಳ್ಸಬೇಕಲ್ಲ" ಅಂದರು. ಟ್ರಂಪೆಟ್ಟಿನವನು, "ಗಟ್ಟಿಯಾಗಿರ್ಲಿ ಮಾಸ್ಟ್ರೆ, ನನ್ ಸ್ವರ ಒಂದೊಂದ್ಸಾರಿ ಜಾರ್ತದೆ, ಅದ್ನ ಮುಚ್ಬೇಕು" ಅಂದ. ದೊಡ್ಡ ಡ್ರಮ್ಮಿನವನು, "ಎಂಥದಾದ್ರೂ ತನ್ನಿ, ನಂದುಕ್ಕಿಂತ ದೊಡ್ದು ಕಾಣ್ಬಾರ್ದು" ಅಂದ. ತಾಳದವನು ಹಗುರವಾಗಿರಲಿ ಅಂದ. ಬಸ್ಸಿನ ಟಾಪಿಗೆ ಏರಿಸುವವನು ಅವನೇ.

ನಾನು, "ಇರೋದು ಒಂದೇ ಡ್ರಮ್ಮಿಗೆ ದುಡ್ಡು. ಅದು ಮದ್ವೆಗೂ ಆಗ್ಬೇಕು, ಸಾವಿಗೂ ಆಗ್ಬೇಕು, ಸ್ಕೂಲ್ ಮಕ್ಕಳ ಮಾರ್ಚಿಗೂ ಆಗ್ಬೇಕು. ಮಳೇಲಿ ಸಡ್ಲ ಆಗ್ಬಾರ್ದು, ಬಿಸ್ಲಲ್ಲಿ ಒಡೀಬಾರ್ದು" ಅಂದೆ.

ಒಳಗೆ ಅಕ್ಕಿ ಆರಿಸುತ್ತಿದ್ದ ಮಾಸ್ಟ್ರ ಹೆಂಡತಿ ಮೊರ ಕೆಳಗಿಟ್ಟರು. "ಇಷ್ಟು ಗುಣ ಕೂಡುಸ್ಕಂಡು ನಮ್ಮ ಮಗ್ಳಿಗೆ ಗಂಡು ನೋಡಿದ್ರೆ, ಅವ್ಳಿಗೆ ಇಷ್ಟೊತ್ಗೆ ಎರಡು ಮಕ್ಕಳಾಗಿರವು" ಅಂದರು.

ಮಾಸ್ಟ್ರು ಸಭೆ ಅಲ್ಲಿಗೇ ಮುಗಿಸಿದರು.

ಅಂಗಡಿಯ ಮುಂದೆ

ಮೈಸೂರಿನ ಒಂದು ವಾದ್ಯದ ಅಂಗಡಿಗೆ ಮಾಸ್ಟ್ರ ಮಾತು ಕೇಳಿ ವಾದ್ಯಗಳ ಸಮೇತ ಐದೂ ಜನ ಹೋಗಿದ್ದೆವು. ಅಂಗಡಿಯವನು ಮೂರು ಡ್ರಮ್ ಇಳಿಸಿದ. ಒಂದು ಕನ್ನಡಿಯಂತೆ ಹೊಳೆಯುವ ಹೊಚ್ಚ ಹೊಸದು, ಇನ್ನೂರು ದಾಟಿತ್ತು. ಒಂದು ಮರದ್ದು, ತೊಂಬತ್ತೈದು. ಒಂದು ಹಳೆಯ ಹಿತ್ತಾಳೆಯದು, ಪಕ್ಕದಲ್ಲಿ ಮಾವಿನಕಾಯಿ ಗಾತ್ರದ ನೆಗ್ಗು, ನೂರನಲವತ್ತೈದು. ಅಂಗಡಿಯವನೇ ಕಡ್ಡಿ ತೆಗೆದುಕೊಂಡು ಒಂದೊಂದನ್ನೂ ಬಾರಿಸಿ ತೋರಿಸಿದ. ಮೂರೂ ಬಂಗಾರದಂತೆ ನುಡಿದವು.

ಮಾಸ್ಟ್ರು, "ನೀವು ಬಾರಿಸ್ಬೇಡಿ ಸಾ. ಡ್ರಮ್ಮು ಮಾರ್ತೀರಿ, ನಿಮ್ಮ ಕೈ ಮಾರಕಿಲ್ಲವಲ್ಲ" ಅಂದು ಕಡ್ಡಿ ನನಗೆ ಕೊಟ್ಟರು.

ಮರದ್ದು ನನ್ನ ಕೈಯಲ್ಲಿ ಬಕೆಟ್ಟಿನಂತೆ ಸದ್ದು ಮಾಡಿತು. ಹಿತ್ತಾಳೆಯದು ಮಾತ್ರ ಒಂದು ಕೈ ಹೆಚ್ಚೇ ನುಡಿಯಿತು. ಸೈಡ್ ಡ್ರಮ್ಮಿನ ಅಡಿಯ ಚರ್ಮಕ್ಕೆ ಸಣ್ಣ ತಂತಿಗಳು ತಾಗಿಕೊಂಡಿರುತ್ತವೆ. ಅದರಿಂದಲೇ ಆ 'ಝರ್ರ್' ಅನ್ನುವ ದನಿ. ಇದರ ಪಕ್ಕದಲ್ಲೊಂದು ಕೀಲಿತ್ತು. ಮೇಲೆ ಎತ್ತಿದರೆ ತಂತಿ ತಾಗಿ ಮದುವೆಯ ದನಿ. ಇಳಿಸಿದರೆ ತಂತಿ ಬಿಟ್ಟು 'ಧಂ ಧಂ' ಅಂತ ಸಾವಿನ ದನಿ. ನಮಗೆ ಬೇಕಾಗಿದ್ದದ್ದೇ ಅದು. ಕಮ್ಮಿ ಇದ್ದದ್ದು ಹದಿನೈದು ರೂಪಾಯಿ. ಅಂಗಡಿಯವನು ಒಂದು ಕಾಸೂ ಬಿಡಲಿಲ್ಲ.

ಮಾಸ್ಟ್ರು, "ಮಾಳಿಗೆ ಕೆಳ್ಗೆ ತಗಡಿನ ಡಬ್ಬಾನೂ ಗುಡುಗ್ತದೆ. ನಮ್ ಕೆಲ್ಸ ಬೀದೀಲಿ. ಬೀದೀಲಿ ನೋಡ್ತೀವಿ" ಅಂದರು. ಹಿತ್ತಾಳೆಯದನ್ನೇ ಹಿಡಿದು ಹೊರಗೆ ಬಂದು, ಎಲ್ಲರೂ ಸೇರಿ ಒಂದು ಮದುವೆ ಪದ ಎತ್ತಿದೆವು. ಎರಡು ನಿಮಿಷದಲ್ಲಿ ಜನ ಸೇರಿತು. ಜರಿ ಪೇಟದ ಒಬ್ಬರು ಪದ ಮುಗಿಯುವವರೆಗೂ ನಿಂತಿದ್ದು, "ನಮ್ಮ ಹುಡುಗಿ ಮದುವೆ ಮುಂದಿನ ತಿಂಗಳು, ಬರ್ತೀರಾ?" ಅಂದರು.

"ಬತ್ತೀವಿ ಬುದ್ಧಿ. ಅಡ್ವಾನ್ಸು ಹದಿನೈದು ರೂಪಾಯಿ" ಅಂದರು ಮಾಸ್ಟ್ರು, ಉಸಿರು ಬಿಡದೆ.

ಆ ಹದಿನೈದು ಅಲ್ಲಿಂದ ನೇರ ಗಲ್ಲಾಪೆಟ್ಟಿಗೆಗೆ ಹೋಯಿತು. ಅಂಗಡಿಯವನು ರಸೀದಿ ಬರೆಯುತ್ತಾ, "ಮೂವತ್ತು ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ನನ್ನ ಡ್ರಮ್ಮೇ ದುಡಿದು ತನ್ನ ಬೆಲೆಗೆ ಕಮ್ಮಿ ಬಿದ್ದದ್ದನ್ನ ತಾನೇ ಕಟ್ಟಿದ್ದು ಇವತ್ತೇ ನೋಡಿದ್ದು" ಅಂದ.

ಡ್ರೈವರನ ಕಿವಿ

ಸಂಜೆಯ ಬಸ್ಸಿನಲ್ಲಿ ಡ್ರಮ್ಮನ್ನು ಟಾಪಿಗೆ ಹಾಕಲು ಮನಸ್ಸಾಗಲಿಲ್ಲ. ಮುಂದಿನ ಸೀಟಿನಲ್ಲಿ, ಇಂಜಿನ್ನಿನ ಪಕ್ಕ, ಪಂಚೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ನರಸೀಪುರ ದಾಟಿದ ಮೇಲೆ ಡ್ರೈವರು ಕಿವಿ ನಿಮಿರಿಸಿದ. ಎಲ್ಲಿಂದಲೋ 'ಝರ್ರ್ ಝರ್ರ್' ಅಂತ ಬರುತ್ತಿತ್ತು. ಬಸ್ ನಿಲ್ಲಿಸಿ, ಇಳಿದು, ಬಾನೆಟ್ ಎತ್ತಿ ನೋಡಿದ. ಇಂಜಿನ್ ನಿಂತ ಕೂಡಲೆ ಸದ್ದೂ ನಿಂತಿತು. ಮತ್ತೆ ಹೊರಟರೆ ಮತ್ತೆ 'ಝರ್ರ್'.

ಎರಡನೇ ಸಲ ನಿಲ್ಲಿಸಿದಾಗ ಅವನು ಗಾಡಿಯ ಅಡಿಗೆ ಮಲಗಿದ. ಕಂಡಕ್ಟರು ಲಾಟೀನು ಹಿಡಿದ. ಜನ ಇಳಿದು ಬೀಡಿ ಹಚ್ಚಿದರು. "ಗೇರ್ ಬಾಕ್ಸು ಓಯ್ತು ಅನ್ಸುತ್ತೆ, ಎಲ್ರೂ ನಡ್ಕಂಡೇ ಓಗ್ಬೇಕಾಯ್ತದೆ" ಅಂತ ಕಂಡಕ್ಟರು ಹೇಳಿದಾಗ ಮಕ್ಕಳ ತಾಯಿಯೊಬ್ಬಳು ಅಳುವ ಮುಖ ಮಾಡಿದಳು.

ಮೂರನೇ ಸಲ ಹೊರಟಾಗ ತೊಡೆಯ ಮೇಲಿದ್ದ ಡ್ರಮ್ ನಡುಗಿತು. ನನಗೆ ಆಗ ಹೊಳೆಯಿತು. ಇಂಜಿನ್ನಿನ ಅದುರಿಗೆ ನನ್ನ ಡ್ರಮ್ಮಿನ ತಂತಿ ತಾನೇ ನುಡಿಯುತ್ತಿತ್ತು. ಹೇಳಿದರೆ ಅಷ್ಟೂ ಜನ ಸೇರಿ ನನ್ನನ್ನೇ ಬಾರಿಸುತ್ತಾರೆ. ಪಂಚೆಯೊಳಗೆ ಮೆಲ್ಲಗೆ ಕೈ ತೂರಿಸಿ ಕೀಲು ಇಳಿಸಿದೆ. ಸದ್ದು ನಿಂತಿತು.

ಡ್ರೈವರು ಒಂದು ಫರ್ಲಾಂಗು ಕಿವಿಗೊಟ್ಟು ಓಡಿಸಿ, ಎದೆಯುಬ್ಬಿಸಿ ನನ್ನ ಕಡೆ ತಿರುಗಿದ. "ನೋಡಿದ್ರಾ ಸಾ? ಅಡೀಗೆ ಮಲ್ಗಿ ಎರಡು ನಟ್ಟು ತಿರುವ್ದೆ ಅಷ್ಟೆಯ. ಇಪ್ಪತ್ ವರ್ಷದ ಸರ್ವೀಸು. ಗಾಡಿ ಸದ್ದು ಕೇಳಿದ್ರೇ ಕಾಯಿಲೆ ಹೇಳ್ತೀನಿ."

"ಹೌದು ಸಾ, ಕೈಗುಣ ಅಂದ್ರೆ ಇದು" ಅಂದೆ. ಬೇರೆ ಏನು ಅನ್ನಲಿ?

ಅಜ್ಜಿಯ ಅಪ್ಪಣೆ

ಹನೂರಿನಾಚೆ ಬಂಡಳ್ಳಿಯಲ್ಲಿ ತೊಂಬತ್ತು ದಾಟಿದ ಹಿರಿಯರೊಬ್ಬರು ತೀರಿಕೊಂಡರು. ಮೊಮ್ಮಕ್ಕಳು ಮರಿಮಕ್ಕಳು ಕಂಡ ಜೀವ, ಬ್ಯಾಂಡು ಹಾಕಿಸಿ ಕಳಿಸೋಣ ಅಂತ ಮಕ್ಕಳು ನಮ್ಮನ್ನು ಕರೆಸಿದರು. ಹಿಂದಿನ ದಿನವಷ್ಟೇ ಒಂದು ಮದುವೆ ಮುಗಿಸಿದ್ದೆ. ಕೀಲು ಇಳಿಸುವುದು ಮರೆತೇಹೋಗಿತ್ತು. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಕೈಗೆ ಅಂಟಿದ್ದ ಹಸೆಮಣೆಯ ಗತ್ತೇ ಮೊದಲು ಬಂದುಬಿಟ್ಟಿತು. ಟ್ರಂಪೆಟ್ಟಿನವನು ಅಭ್ಯಾಸಬಲದಿಂದ ಮದುವೆಯ ಪದವನ್ನೇ ಹಿಡಿದ.

ಹಿರಿಯ ಮಗ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ನನ್ನ ಕಡ್ಡಿ ಹಿಡಿದುಕೊಂಡ. "ಏನ್ಲಾ ಇದು? ಯಾರ ಮುಂದೆ ಏನ್ ಬಾರುಸ್ತಿದ್ದೀಯೆ?" ಅಂದ. ಮಾಸ್ಟ್ರು ಕ್ಲಾರಿನೆಟ್ ಕಂಕುಳಿಗೆ ಸೇರಿಸಿ ಕೈ ಮುಗಿದರು.

ಆಗ ಗಂಡನ ತಲೆಯ ಹತ್ತಿರ ಕೂತಿದ್ದ ಅಜ್ಜಿ, "ಬುಡ್ಲಾ ಮಗಾ, ಅವ್ನ ಕೈಯ" ಅಂದಿತು. "ನಮ್ಮ ಮದ್ವೇಲಿ ವಾಲಗನೂ ಇರ್ನಿಲ್ಲ, ಬ್ಯಾಂಡೂ ಇರ್ನಿಲ್ಲ. ನಮ್ಮಪ್ಪ ಕೈಲಿಲ್ಲ ಅಂದ್ಬುಟ್ಟ. ಅದ್ಕೆ ಇವ್ರು ಸಾಯಗಂಟ ನನ್ನ ಆಡ್ಕಂಡ್ರು. ಬಾರುಸ್ಲಿ, ಕೇಳುಸ್ಕಂಡ್ ಓಗ್ಲಿ."

ಬಾರಿಸಿದೆವು. ಇಡೀ ಪದ, ಒಂದು ಚೂರೂ ಬಿಡದೆ. ಅಜ್ಜಿ ಗಂಡನ ಹಣೆಯ ಮೇಲೆ ಕೈಯಿಟ್ಟು ಕೇಳಿತು. ನಮ್ಮ ದೊಡ್ಡ ಡ್ರಮ್ಮಿನವನು ಕಣ್ಣೊರೆಸಿಕೊಂಡ. ಮದುವೆಯ ಇನ್ನೊಂದು ಪದ ಎತ್ತುತ್ತಿದ್ದ ಹಾಗೆ ಅಜ್ಜಿ ಕೈ ಅಡ್ಡ ಹಿಡಿಯಿತು.

"ಸಾಕು ಬುಡಪ್ಪ. ಋಣ ತೀರ್ತು. ಇನ್ನ ಅಳೋ ಪದ ಬಾರ್ಸಿ, ನಂಗೂ ಅಳೋದಿದೆ."

ನೆಲವೋ ಬೆಂಚೋ

ಯಳಂದೂರಿಗೆ ಒಂದು ವರ್ಷ ಟೂರಿಂಗ್ ಸಿನಿಮಾ ಟೆಂಟು ಬಂತು. ಮೂರು ತಿಂಗಳು ಸಂಜೆ ಸಂಜೆ ಜಟಕಾ ಗಾಡಿಗೆ ಪೋಸ್ಟರು ಕಟ್ಟಿ, ಊರು ಸುತ್ತಿ, ನೋಟೀಸು ಹಂಚುವ ಕೆಲಸ. ಗಾಡಿಯಲ್ಲಿ ಡ್ರಮ್ ಬಾರಿಸುವವನು ನಾನು. ಎಳೆಯುತ್ತಿದ್ದದ್ದು ಒಂದು ಬಿಳಿ ಕುದುರೆ, ಬಲು ಸೂಕ್ಷ್ಮ. ಹದಿನೈದು ದಿನಕ್ಕೆ ಕೆಲಸ ಪೂರ್ತಿ ಕಲಿತುಬಿಟ್ಟಿತು. ಡ್ರಮ್ ನುಡಿಯುತ್ತಿದ್ದರೆ ನಡೆಯುವುದು, ಮೂಲೆ ಬಂದರೆ ತಾನೇ ನಿಂತು ನೋಟೀಸು ಹಂಚುವವರೆಗೆ ಕಾಯುವುದು, ಡ್ರಮ್ ನಿಂತರೆ ಅಲ್ಲಾಡದೆ ನಿಲ್ಲುವುದು, ಕೊನೆಗೆ ಟೆಂಟಿಗೆ ಹೋಗಿ ಹುಲ್ಲು ತಿನ್ನುವುದು. ಲಗಾಮು ಹಿಡಿಯುವ ಸಾಬರು ಗಾಡಿಯಲ್ಲೇ ತೂಕಡಿಸುತ್ತಿದ್ದರು.

ಟೆಂಟು ಇನ್ನೂ ಇರುವಾಗಲೇ ಅದೇ ಊರಲ್ಲಿ ಒಂದು ಮದುವೆ ಬಂತು. ಗಂಡು ಕುದುರೆ ಮೇಲೇ ಬರಬೇಕು ಅಂತ ಗಂಡಿನ ತಾಯಿಯ ಹಟ. ಊರಲ್ಲಿದ್ದ ಬಿಳಿ ಕುದುರೆ ಅದೊಂದೇ. ಸಂಜೆ ಐದೂವರೆಗೆ ಬಾಸಿಂಗ ಕಟ್ಟಿದ ಗಂಡನ್ನು ಕೂರಿಸಿದರು. ಹೆಣ್ಣಿನ ಮನೆ ಎರಡೇ ಬೀದಿಯಾಚೆ. ಆರಕ್ಕೆ ವರಪೂಜೆ. ನಾನು ಕಡ್ಡಿ ಇಟ್ಟೆ. ಕುದುರೆ ಕಿವಿ ನಿಮಿರಿಸಿ ನನ್ನ ಕಡೆ ಒಂದು ಸಲ ನೋಡಿ ಹೊರಟಿತು.

ಮೊದಲ ಮೂಲೆಯಲ್ಲಿ ನಿಂತಿತು. ಬಾಗಿಲಿಂದ ಬಂದ ಮುದುಕಿಯೊಬ್ಬಳು ಗಂಡಿನ ಮುಂದೆ ಕೈ ಚಾಚಿ, "ಒಂದು ನೋಟೀಸ್ ಕೊಡಪ್ಪ, ಇವತ್ತು ಯಾವ ಪಿಚ್ಚರು?" ಅಂದಳು. ಗಂಡು ಪಾಪ ಕೈಯಲ್ಲಿದ್ದ ನಿಂಬೆಹಣ್ಣು ಕೊಟ್ಟ.

ಎರಡನೇ ಬೀದಿಯಲ್ಲಿ ಹೆಣ್ಣಿನ ಮನೆ ಬಂತು. ಹೆಣ್ಣಿನ ತಂದೆ ತಾಯಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಕುದುರೆ ಅವರ ಮುಂದೆಯೇ ಗಂಭೀರವಾಗಿ ನಡೆದು ಮುಂದೆ ಹೋಯಿತು. ಬೀಗರು ತಟ್ಟೆ ಹಿಡಿದುಕೊಂಡೇ ಹಿಂದೆ ಬಂದರು.

"ನಿಲ್ಸಿ ಸಾಬ್ರೆ" ಅಂದರು ಮಾಸ್ಟ್ರು.

"ನಾ ಏಳಿದ್ರೆ ಕೇಳಕಿಲ್ಲ ಮಾಸ್ಟ್ರೆ. ಅದು ಡ್ರಮ್ಮಿನ ಮಾತು ಮಾತ್ರ ಕೇಳ್ತದೆ" ಅಂದರು ಸಾಬರು, ಲಗಾಮು ಎಳೆದು ಎಳೆದು ಸೋತು.

ನಾನು ಬಾರಿಸುವುದು ನಿಲ್ಲಿಸಿದೆ. ಕುದುರೆ ನಡುಬೀದಿಯಲ್ಲಿ ಕಂಬದ ಹಾಗೆ ನಿಂತಿತು. ನಾಲ್ಕು ಜನ ತಿರುಗಿಸಲು ನೋಡಿದರು, ಹಿಂದೆ ಒದೆಯಿತು. ಇಳಿಸೋಣ ಅಂದರೆ ಗಂಡಿನ ತಾಯಿ, "ಕುದುರೆ ಮೇಲೆ ಹತ್ತಿದ ಗಂಡು ಹೆಣ್ಣಿನ ಮನೆ ಬಾಗ್ಲಲ್ಲೇ ಇಳೀಬೇಕು. ನಡುವೆ ಇಳಿದ್ರೆ ಅಪಶಕುನ" ಅಂದರು. ಬೀಗರು ಗಡಿಯಾರ ನೋಡಿಕೊಂಡರು. ಹೀಗೇ ನಿಂತರೆ ವರಪೂಜೆಯ ಹೊತ್ತು ಮೀರುತ್ತದೆ. ಬಾರಿಸಿದರೆ ಕುದುರೆ ಮುಂದಕ್ಕೇ ಹೋಗುತ್ತದೆ.

ಮಾಸ್ಟ್ರು ನಿಟ್ಟುಸಿರು ಬಿಟ್ಟು, "ಬಾರ್ಸ್ಲಾ. ಅದ್ರ ಸುತ್ತು ಮುಗೀಲಿ, ಆಮೇಲೆ ತಿರುಗ್ತದೆ" ಅಂದರು.

ಬಾರಿಸಿದೆ. ಗಂಡು, ಗಂಡಿನ ಕಡೆಯವರು, ಆರತಿ ತಟ್ಟೆಯ ಬೀಗರು, ಕಳಸ ಹಿಡಿದ ಹೆಂಗಸರು, ಎಲ್ಲರೂ ಸಾಲಾಗಿ ಪೇಟೆ ದಾಟಿ, ಕೆರೆಯ ದಾರಿ ಹಿಡಿದು ಟೆಂಟು ತಲುಪಿದೆವು. ಕುದುರೆ ನೇರ ಟಿಕೇಟು ಕೊಡುವ ಕಿಂಡಿಯ ಮುಂದೆ ಹೋಗಿ ನಿಂತಿತು.

ಕಿಂಡಿ ಗೇಣಗಲದ್ದು. ಒಳಗೆ ಕೂತವನಿಗೆ ಕಂಡದ್ದು ಕುದುರೆಯ ಹೊಟ್ಟೆ, ಒಂದು ಜರಿ ಪಂಚೆ, ಅರಿಶಿನ ಹಚ್ಚಿದ ಒಂದು ಕಾಲು. ಅವನು ತಲೆ ಎತ್ತಲೇ ಇಲ್ಲ. ಟಿಕೇಟು ಪುಸ್ತಕಕ್ಕೆ ಬೆರಳು ಒದ್ದೆ ಮಾಡಿಕೊಂಡು, "ನೆಲವೋ, ಬೆಂಚೋ?" ಅಂದ.

ಅಷ್ಟು ಹೊತ್ತೂ ತುಟಿ ಬಿಚ್ಚದಿದ್ದ ಗಂಡು ಮೇಲಿನಿಂದಲೇ ಬಗ್ಗಿ, ತುಂಬ ಮರ್ಯಾದೆಯಿಂದ ಹೇಳಿದ: "ಕುರ್ಚಿ ಇದ್ರೆ ಕೊಡಿ ಸಾ. ಜೊತೇಲಿ ಬೀಗ್ರವ್ರೆ."