ಅಪ್ಪನ ಮೂರು ಇಂಚು

ಶಾಲೆಯ ಗ್ರೂಪ್ ಫೋಟೋದಲ್ಲಿ ಮೂರನೇ ಕ್ಲಾಸಿನ ಮಗಳನ್ನು ಒಂದನೇ ಕ್ಲಾಸಿನ ಮಕ್ಕಳ ಸಾಲಿನಲ್ಲಿ ನಿಲ್ಲಿಸಿದ್ದೇ ಎಲ್ಲ ರಗಳೆಗೂ ಮೂಲ. ಆ ಫೋಟೋ ಬೆಳಿಗ್ಗೆ ಮಹಡಿ ಮೇಲಿನ ಮನೆಯ ನಿವೃತ್ತ ಮೇಷ್ಟ್ರ ಕಣ್ಣಿಗೆ ಬಿತ್ತು.

"ಮಗು ಬೆಳೀತಾನೇ ಇಲ್ಲ ಕಣಯ್ಯ. ಹಾರ್ಮೋನ್ ಕಮ್ಮಿ ಇರ್ಬೇಕು. ಇವತ್ತೇ ಡಾಕ್ಟರಿಗೆ ತೋರ್ಸು" ಎಂದರು ಅವಳ ಅಪ್ಪನಿಗೆ. ಹೇಳಿ ಸುಮ್ಮನಾಗುವ ಜಾಯಮಾನ ಅವರದಲ್ಲ, ತಾವೂ ಹೊರಟರು. ಮೇಷ್ಟ್ರು ಹೊರಟ ಮೇಲೆ ಅತ್ತೆ, ಅಂದರೆ ಹೆಂಡತಿಯ ತಾಯಿ, ಬಿಟ್ಟಾರೆಯೇ? ಅವರೂ ಹೊರಟರು.

ಮಗಳ ಅಪ್ಪ ಶೂ ಅಂಗಡಿಯ ಸೇಲ್ಸ್‌ಮನ್. ಮದುವೆಗೆ ಮುಂಚೆ ತನ್ನ ಎತ್ತರ ಐದಡಿ ಎಂಟಿಂಚು ಎಂದಿದ್ದ. ಅದರಲ್ಲಿ ಐದಡಿ ಐದಿಂಚು ದೇವರು ಕೊಟ್ಟದ್ದು, ಮಿಕ್ಕ ಮೂರು ಅಂಗಡಿಯದು. ಶೂ ಒಳಗೆ ಮೆತ್ತೆ, ಮನೆಯಲ್ಲಿ ದಪ್ಪ ಅಟ್ಟೆಯ ಸ್ಲಿಪ್ಪರ್. ಮಲಗಿದ ಮೇಲೆ ಅಳೆಯುವವರು ಯಾರು? ಹೀಗೇ ಹತ್ತು ವರ್ಷ ಸಂಸಾರ ಸಾಗಿತ್ತು.

ಮಕ್ಕಳ ಡಾಕ್ಟರಮ್ಮ ಮಗಳನ್ನು ಗೋಡೆಯ ಅಳತೆಪಟ್ಟಿಗೆ ಒರಗಿಸಿ ಅಳೆದರು. "ಅಪ್ಪ ಅಮ್ಮನ ಎತ್ತರ ಎಷ್ಟು?"

"ಐದು ಎಂಟು" ಎಂದ ಅವನು.

"ಐದು ಮೂರು" ಎಂದಳು ಹೆಂಡತಿ.

"ನೆಟ್ಟಗೆ ನಿಂತ್ಕೊಳೇ, ಯಾವಾಗ ನೋಡಿದ್ರೂ ಗೂನು" ಎಂದು ಅತ್ತೆ ತಮ್ಮ ಮಗಳನ್ನು ಗದರಿದರು.

ಡಾಕ್ಟರಮ್ಮ ಇಬ್ಬರ ಎತ್ತರ ಕೂಡಿಸಿ ಲೆಕ್ಕ ಹಾಕಿದರು. "ಇಷ್ಟು ಎತ್ತರದವರ ಮಗು ಇಷ್ಟು ಗಿಡ್ಡ ಇರಬಾರದು. ಬೆಳವಣಿಗೆ ಹಾರ್ಮೋನ್ ಟೆಸ್ಟ್ ಮಾಡ್ಬೇಕು. ಖಾಲಿ ಹೊಟ್ಟೇಲಿ ಬರ್ಬೇಕು. ಔಷಧಿ ಕೊಟ್ಟು ಅರ್ಧರ್ಧ ಗಂಟೆಗೆ ರಕ್ತ ತಗೋತೀವಿ."

"ಸೂಜೀನಾ?" ಎನ್ನುತ್ತ ಮಗಳು ಅಪ್ಪನ ಕಿರುಬೆರಳು ಹಿಡಿದುಕೊಂಡಳು. ಅವನು ಆ ಪುಟ್ಟ ಕೈ ನೋಡಿ ಡಾಕ್ಟರಮ್ಮನ ಕಡೆ ತಿರುಗಿದ.

"ಡಾಕ್ಟ್ರೇ, ಅಪ್ಪನೇ ಗಿಡ್ಡ ಇದ್ದಿದ್ರೆ?"

"ಆಗ ಟೆಸ್ಟ್‌ಗೆ ಅವಸರ ಇಲ್ಲ. ಆರು ತಿಂಗಳು ಎಷ್ಟು ಬೆಳೀತಾಳೆ ಅಂತ ನೋಡ್ಬಹುದಿತ್ತು."

ಅವನು ಬಗ್ಗಿ ಲೇಸ್ ಬಿಚ್ಚಿದ. ಈರುಳ್ಳಿ ಸಿಪ್ಪೆಯಂತೆ ಒಂದರ ಹಿಂದೆ ಒಂದು ಮೆತ್ತೆ ಹೊರಬಂತು.

"ಇದು ಶೂನೋ ಮಹಡಿ ಮನೇನೋ?" ಎಂದರು ಮೇಷ್ಟ್ರು. ಅತ್ತೆ ಬಾಯಿ ಮೇಲೆ ಬೆರಳಿಟ್ಟುಕೊಂಡರು.

ಅಳತೆಪಟ್ಟಿ ಐದಡಿ ಐದಿಂಚು ಎಂದಿತು. "ಹಾಗಾದ್ರೆ ಟೆಸ್ಟ್ ಸದ್ಯಕ್ಕೆ ಬೇಡ ಬಿಡಿ" ಎಂದರು ಡಾಕ್ಟರಮ್ಮ. ಮಾನ ಹೋದರೂ ಮಗಳು ಸೂಜಿಯಿಂದ ಪಾರಾದಳಲ್ಲ ಎಂದು ಅವನಿಗೆ ನಿಜಕ್ಕೂ ಖುಷಿಯಾಯಿತು.

ಹೆಂಡತಿ ಮಾತ್ರ ಕಣ್ಣೊರೆಸಿಕೊಂಡು ಚಪ್ಪಲಿ ಬಿಟ್ಟು ಅಳತೆಪಟ್ಟಿಯ ಕೆಳಗೆ ಹೋಗಿ ನಿಂತಳು. ಹತ್ತು ವರ್ಷದ ಮೇಲೆ ಬೆನ್ನು ನೆಟ್ಟಗೆ ಮಾಡಿದಳು. ಅಳತೆ ಏರಿ ಏರಿ ಐದಡಿ ಆರಿಂಚಿಗೆ ನಿಂತಿತು.

"ಮದುವೆಯಾದ ಮಾರನೇ ದಿನ ಬಚ್ಚಲಿಂದ ಬರಿಗಾಲಲ್ಲಿ ಬಂದ್ರಲ್ಲ, ಅವತ್ತೇ ಗೊತ್ತಾಯ್ತು. ನಿಮಗೆ ಬೇಜಾರಾಗ್ಬಾರ್ದು ಅಂತ ಬಗ್ಗಿದೆ. ನೀವೇ ನಿಜ ಹೇಳಿದ್ಮೇಲೆ ನಾನ್ಯಾಕೆ ಬಗ್ಗಿರ್ಲಿ?"

ಅವನು ಕತ್ತೆತ್ತಿ ಹೆಂಡತಿಯನ್ನು ನೋಡಿದ. ಎದೆ ತುಂಬ ಪ್ರೀತಿ ಬಂತು, ಕತ್ತೂ ನೋಯಿತು.

ಡಾಕ್ಟರಮ್ಮ ಮತ್ತೆ ಲೆಕ್ಕ ಹಾಕಿದರು. "ಇವರದ್ದು ಮೂರು ಇಳೀತು, ಅವರದ್ದು ಮೂರು ಏರ್ತು. ಲೆಕ್ಕ ಮೊದಲಿದ್ದಲ್ಲೇ ಇದೆ. ಸೋಮವಾರ ಖಾಲಿ ಹೊಟ್ಟೇಲಿ ಕರ್ಕೊಂಡು ಬನ್ನಿ."

ಮೆತ್ತೆಗಳನ್ನು ಕಂಕುಳಲ್ಲಿಟ್ಟುಕೊಂಡು, ಸಡಿಲವಾದ ಶೂ ಎಳೆಯುತ್ತ ಅವನು ಹೊರಬಂದ. ಮಗಳು ಅವನ ಕೈ ಸವರಿದಳು.

"ಅಳ್ಬೇಡಪ್ಪ. ಸೂಜಿ ನಾನು ಹಾಕಿಸ್ಕೋತೀನಿ. ಆಮೇಲೆ ನಿಂಗೂ ಒಂದು ಹಾಕ್ಸೋಣ, ಅಮ್ಮನಷ್ಟು ಉದ್ದ ಆಗ್ತೀಯ."