ಒಳ್ಳೆಯ ಮನುಷ್ಯನ ಹೆಂಡತಿ ಮೈಕಿನ ಮುಂದೆ

ಗಂಡ ಒಳ್ಳೆಯವನು ಎಂದು ನಾಲ್ಕು ಜನ ಹೇಳಿದರೆ ಹೆಂಡತಿಗೆ ಮೊದಲು ಹುಟ್ಟುವುದು ಸಂತೋಷವಲ್ಲ, ಅನುಮಾನ. ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಇಷ್ಟು ತಿಳಿಯಲು ಓದೇನೂ ಬೇಕಿಲ್ಲ. ನಮ್ಮ ಮನೆಯವರು ಒಂದು ಕಾಲದಲ್ಲಿ ಫುಟ್‌ಬಾಲ್ ಆಡುತ್ತಿದ್ದರು. ಈಗ ಮಂಡಿಗೆ ಎಣ್ಣೆ ಹಚ್ಚಿಕೊಂಡು ಜಗಲಿಯ ಮೇಲೆ ಕೂರುತ್ತಾರೆ. ಕೆಳಗೆ ಬಿದ್ದ ಪೇಪರನ್ನೂ ಕಾಲಿನಲ್ಲೇ ನನ್ನ ಕಡೆಗೆ ತಳ್ಳುತ್ತಾರೆ. ಬಗ್ಗಿ ಎತ್ತಬೇಕಾದವಳು ನಾನು. ಇಂಥವರಿಗೆ ಮುಳಬಾಗಿಲಿನಲ್ಲಿ ಸನ್ಮಾನವಂತೆ. ಅದೂ ಆಟಕ್ಕಲ್ಲ, ಒಳ್ಳೆಯತನಕ್ಕೆ!

ಕರೆಯಲು ಬಂದವನು ಲಕ್ಕೂರಿನ ಮುನಿರಾಜು. ಇವರ ಟೀಮಿನಲ್ಲೇ ಆಡಿದವನು. ಈಗ ಅವನ ತಲೆಯೂ ನೆರೆತಿದೆ. ನನ್ನನ್ನು ವದಿನಮ್ಮ ಎನ್ನುತ್ತಾನೆ. ಅತ್ತಿಗೆ ಎನ್ನುವುದಕ್ಕೆ ನಮ್ಮ ಕಡೆ ತೆಲುಗೇ ಬಾಯಿಗೆ ಮೊದಲು ಬರುವುದು.

"ನಮ್ಮಣ್ಣ ದೇವ್ರಂಥೋರು ವದಿನಮ್ಮಾ. ಯಾವತ್ತೂ ತಾನೇ ಗೋಲ್ ಹೊಡೀಬೇಕು ಅಂದೋರಲ್ಲ. ಎಲ್ರಿಗೂ ಪಾಸ್ ಕೊಡೋರು."

"ಪಾಸ್ ಕೊಡೋಕೆ ಇವರೇನು ಬಸ್ ಡಿಪೋದಲ್ಲಿದ್ರೇನೋ?"

ಮುನಿರಾಜು ನಕ್ಕು ನಕ್ಕು ಕೆಮ್ಮಿದ. ಪಾಸ್ ಎಂದರೆ ತನ್ನ ಕಾಲಿಗೆ ಬಂದ ಚೆಂಡನ್ನು ಇನ್ನೊಬ್ಬನ ಕಾಲಿಗೆ ದಾಟಿಸುವುದಂತೆ. ಅದನ್ನು ಇವರು ಮನೆಯಲ್ಲಿ ದಿನಾ ಮಾಡುತ್ತಾರೆ. ಅದಕ್ಕೂ ಹಾರ ಹಾಕುತ್ತಾರೆಂದು ನನಗೆ ಗೊತ್ತಿರಲಿಲ್ಲ. ಹೋಗುವಾಗ ಮುನಿರಾಜು ನನ್ನ ತಲೆಗೂ ಒಂದು ಕಟ್ಟಿದ: "ಅಣ್ಣನ ಒಳ್ಳೇತನದ್ದು ಒಂದು ನೆನಪು ನೀವೂ ಮೈಕಲ್ಲಿ ಹೇಳ್ಬೇಕು ವದಿನಮ್ಮಾ."

ಪೇಚಿಗೆ ಸಿಕ್ಕಿಕೊಂಡೆ. ಸುಳ್ಳು ಹೇಳಿ ಅಭ್ಯಾಸವಿಲ್ಲ. ನಿಜ ಹೇಳೋಣವೆಂದರೆ ಒಂದೂ ನೆನಪಾಗುತ್ತಿಲ್ಲ. ರೇಷ್ಮೆಹುಳುವಿಗೆ ಸೊಪ್ಪು ಹಾಕುತ್ತಾ ಯೋಚಿಸಿದೆ. ಸೀರೆ ತಂದದ್ದುಂಟು, ಅವರ ತಂಗಿಗೆ. ಆಸ್ಪತ್ರೆಗೆ ಕರೆದುಕೊಂಡು ಹೋದದ್ದುಂಟು, ಹಸುವನ್ನು. ಕೊನೆಗೆ ಅವರನ್ನೇ ಕೇಳಿದೆ.

"ಏನ್ರೀ, ನನಗೇನಾದ್ರೂ ಒಳ್ಳೇದು ಮಾಡಿದ್ದೀರಾ?"

"ಮಾಡಿದ್ದೀನಿ ಕಣೇ."

"ಏನು?"

"ಹೇಳಿದ್ರೆ ಒಳ್ಳೇದಾಗಲ್ಲ" ಎಂದು ಮಗ್ಗುಲು ಬದಲಿಸಿದರು. ಅವತ್ತಿನಿಂದ ನನಗೆ ಕುತೂಹಲ ಕಜ್ಜಿಯಂತೆ ಹತ್ತಿಕೊಂಡಿತು.

ಸಭೆಯಲ್ಲಿ ಒಬ್ಬೊಬ್ಬರೇ ಎದ್ದು ಹೇಳಿದರು. ಶ್ರೀನಿವಾಸಪುರದವನೊಬ್ಬ ಬೂಟಿಲ್ಲದೆ ಬಂದಾಗ ಇವರು ತಮ್ಮ ಬೂಟು ಬಿಚ್ಚಿಕೊಟ್ಟು ಬರಿಗಾಲಲ್ಲಿ ಆಡಿದರಂತೆ. ಕೋಲಾರದವನ ಮನೆಯ ಸೂರು ಹಾರಿಹೋದಾಗ ಟೀಮನ್ನೇ ಕರೆದೊಯ್ದು ಹೆಂಚು ಹೊದಿಸಿದರಂತೆ. ಇಷ್ಟು ಬಗ್ಗುವವರು ಯಾರಪ್ಪಾ, ನನ್ನನ್ನು ಕಟ್ಟಿಕೊಂಡವರೇನಾ ಎಂದು ನಾನು ತಿರುತಿರುಗಿ ನೋಡಿದೆ. ಎಲ್ಲರ ಮಾತೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಆಟ ಮುಗಿದ ಮೇಲೆ ಟೀಮಿಗೆಲ್ಲ ಅಣ್ಣನ ಮನೆಯಲ್ಲಿ ಮುದ್ದೆ, ಹುರುಳಿಕಾಳಿನ ಸಾರು. ನನಗೆ ಧೈರ್ಯ ಬಂತು. ಆ ಮುದ್ದೆ ಮಾಡಿದವಳು ನಾನಲ್ಲವೇ!

ಮೈಕ್ ಹಿಡಿದು ಕೇಳಿದೆ, "ಅಣ್ಣನ್ನ ಹೊಗಳಿದ್ದಾಯ್ತು. ನನ್ ಮುದ್ದೆ ಹೆಂಗಿತ್ತು, ಅದ್ ಹೇಳ್ರಪ್ಪಾ."

ಎಲ್ಲರೂ ಇವರ ಮುಖ ನೋಡಿದರು. ಇವರು ಹಾರದ ಹೂವು ಕೀಳತೊಡಗಿದರು. ಮುನಿರಾಜುವಿಗೆ ತಡೆಯಲಾಗಲಿಲ್ಲ.

"ತಪ್ಪು ತಿಳ್ಕೋಬೇಡಿ ವದಿನಮ್ಮಾ. ನಿಮ್ ಬಾಗಿಲಿಗೆ ಬರೋಕ್ ಮುಂಚೆ ಅಣ್ಣ ನಮ್ಮನ್ನೆಲ್ಲ ಸಾಲಾಗಿ ನಿಲ್ಸೋರು. 'ಲೇ, ಮುದ್ದೆ ನುಂಗ್ಬೇಕು, ಅಗೀಬಾರ್ದು. ಗಂಟು ಸಿಕ್ಕಿದ್ರೆ ಅದನ್ನೂ ನುಂಗಿ. ಅವಳ ಎದುರಿಗೆ ಯಾವನಾದ್ರೂ ಮುಖ ಕಿವುಚಿದ್ರೆ ಮುಂದಿನ ಆಟಕ್ಕಿಲ್ಲ' ಅನ್ನೋರು."

ಸಭೆಯೆಲ್ಲ ನಕ್ಕಿತು. ಮುದ್ದೆ ನುಂಗುವುದು ನಮ್ಮ ಕಡೆಯ ಪದ್ಧತಿ. ನಾನೂ ನುಂಗಿಯೇ ಉಂಡವಳು. ಗಂಟು ನನ್ನ ಹಲ್ಲಿಗೆ ಸಿಕ್ಕಿದ್ದರೆ ತಾನೇ ಗೊತ್ತಾಗುವುದು? "ಇವರು ಒಳ್ಳೆಯವರೇ ಕಣ್ರಪ್ಪಾ" ಎಂದಷ್ಟೇ ಹೇಳಿ ಮೈಕ್ ಕೊಟ್ಟುಬಿಟ್ಟೆ.

ಮಾರನೆಯ ದಿನ ಮುದ್ದೆ ಮಾಡಿದೆ. ಇವರು ಎಂದಿನಂತೆ ನುಂಗಿದರು. ನಾನು ಮಾತ್ರ, ಹುಟ್ಟಿದ ಮೇಲೆ ಮೊದಲ ಸಲ, ಒಂದು ತುತ್ತು ಅಗಿದು ನೋಡಿದೆ. ಆಮೇಲೆ ನುಂಗುವುದೇ ವಾಸಿ ಎನ್ನಿಸಿತು.